ಮೀಸೆಯ ಹಿಂದಿನ ಮಾತು

ಮೊದಲ ದಿನವೇ ಮಿಲ್ಲಿನಕ್ಕ ಗುರುತು ಪರಿಚಯವಿಲ್ಲದ ಗಂಡಸೊಬ್ಬನನ್ನು ಎಲ್ಲರೆದುರು "ಮಾವ" ಎಂದುಬಿಟ್ಟಳು.

ತಪ್ಪು ಅವಳದಲ್ಲ. ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸುವ ಸಂಜೆ ಕ್ಲಾಸು ಅದು. ಕಿವಿ ಮಂದವಾದವರು ಇಬ್ಬಿಬ್ಬರಾಗಿ ಎದುರುಬದುರು ಕೂತು, ಒಬ್ಬರು ದನಿಯಿಲ್ಲದೆ ಪದ ಹೇಳಬೇಕು, ಇನ್ನೊಬ್ಬರು ಓದಬೇಕು. ಬಟ್ಟೆ ಮಿಲ್ಲಿನ ಮಗ್ಗಗಳ ಸದ್ದಿನಲ್ಲೇ ಕೂದಲು ನರೆಸಿಕೊಂಡ ಅವಳ ಪಾಲಿಗೆ ಬಂದವನು, ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ತಗಡು ಬಡಿದು ಬಡಿದು ಕಿವಿ ಮಂದ ಮಾಡಿಕೊಂಡವನು. ಮೂಗಿನ ಕೆಳಗೆ ಪೊರಕೆಯಂಥ ಮೀಸೆ.

"ನಾನು ಹೇಳಿದ್ದು ಭಾವ," ಎಂದ ಅವನು ಗಟ್ಟಿಯಾಗಿ. "ಒಂದೇ ಏಟಿಗೆ ಮಾವ ಮಾಡಿ ವಯಸ್ಸು ಏರಿಸಿಬಿಟ್ರಲ್ಲ."

"ಆ ಮೀಸೆ ಒಳಗಿಂದ ಯಾವ ನೆಂಟ ಇಣುಕ್ತಿದಾನೆ ಅಂತ ನನಗೇನು ಗೊತ್ತು?"

ಅವಳ ಅರ್ಧ ವಯಸ್ಸಿನ ಟೀಚರು ನಗುತ್ತ ಬಂದು ವಿವರಿಸಿದಳು. ಪ, ಬ, ಮ ಮೂರಕ್ಕೂ ತುಟಿ ಮುಚ್ಚಿಕೊಳ್ಳುವುದು ಒಂದೇ ರೀತಿ. ತುಟಿಯೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ, ಮುಖ ಪೂರ್ತಿ ನೋಡಿ.

ಹೀಗೆ ಪಾಠದ ನೆಪದಲ್ಲಿ ಒಬ್ಬ ಗಂಡಸಿನ ಮುಖವನ್ನು ಪೂರ್ತಿ ನೋಡುವ ಕೆಲಸ ಅವಳಿಗೆ ಬಂತು. ಎಡಗಣ್ಣಿನ ಕೆಳಗೆ ಕಿಡಿ ಸಿಡಿದ ಚುಕ್ಕೆ. ತಮಾಷೆ ಹೇಳುವ ಮುಂಚೆ ಒಂದು ಹುಬ್ಬು ತಾನೇ ಮೊದಲು ನಗುತ್ತಿತ್ತು. ಅವನೂ ಅವಳ ತುಟಿ ನೋಡುತ್ತಿದ್ದ, ಪದ ಮುಗಿದ ಮೇಲೂ ಒಂದು ಗಳಿಗೆ ಹೆಚ್ಚೇ ನೋಡುತ್ತಿದ್ದ. ಹತ್ತಿಯ ಧೂಳಿಗೆಂದು ದಿನವೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡಿರುವವಳಿಗೆ ಅದು ನಾಚಿಕೆಯೂ ಹೌದು, ಹಿತವೂ ಹೌದು.

ಆದರೆ ದಣಿವು ಸುಮ್ಮನೆ ಬಿಡುತ್ತದೆಯೇ? ಶಿಫ್ಟು ಮುಗಿಸಿ ಬರುವಷ್ಟರಲ್ಲಿ ಕಾಲು ಮರದ ಕೊರಡಾಗಿರುತ್ತಿತ್ತು. ಮನೆಯಲ್ಲಿ ತಮ್ಮ, ತಮ್ಮನ ಹೆಂಡತಿ ಊಟದ ಹೊತ್ತಿಗೆ ಏನೋ ಹೇಳಿಕೊಂಡು ನಗುತ್ತಿದ್ದರು. ಅವಳಿಗೆ ದನಿ ಕೇಳುತ್ತಿತ್ತು, ಮಾತು ಬಿಡಿಸಿ ತಿಳಿಯುತ್ತಿರಲಿಲ್ಲ. "ಏನಂತೆ?" ಎಂದರೆ ತಮ್ಮ "ಏನಿಲ್ಲ ಬಿಡಕ್ಕ" ಎನ್ನುತ್ತಿದ್ದ. ಕ್ಲಾಸಿಗೆ ಸೇರಿದ ಮೇಲೆ ಮನೆಯಲ್ಲಿ ಅವಳು ತಪ್ಪಿಲ್ಲದೆ ಓದಿದ ಮೊದಲ ಮಾತೇ ಅದು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ಅಕ್ಕ? ಸುಸ್ತಾಗಿ ಬರ್ತೀರಿ, ಮಲಗಿ," ಎಂದಳು ತಮ್ಮನ ಹೆಂಡತಿ, ಹತ್ತಿರ ಬಂದು ಗಟ್ಟಿಯಾಗಿ. ಕೆಟ್ಟ ಮನಸ್ಸಿನಿಂದೇನೂ ಅಲ್ಲ.

ಕ್ಲಾಸಿನಲ್ಲಿ ಅವಳು ಇದನ್ನು ಹೇಳಿದಾಗ ಮೀಸೆಯವನು ನಕ್ಕ. "ಮರಾನೂ ಬಗ್ಗತ್ತೆ. ಸ್ವಲ್ಪ ಸೊಂಟ ನೋವು ಬರತ್ತೆ, ಅಷ್ಟೆ."

ಆ ಸಂಜೆ ಬಸ್ ಸ್ಟಾಪಿನಲ್ಲಿ ಅವಳೇ ಬಾಯಿಬಿಟ್ಟಳು. "ಮುಂದಿನ ಕ್ಲಾಸಿಗೂ ಬನ್ನಿ. ಮರೀಬೇಡಿ."

ಅಷ್ಟು ಹೇಳುವುದಕ್ಕೆ ದಾರಿಯುದ್ದಕ್ಕೂ ಧೈರ್ಯ ಕೂಡಿಸಿಕೊಂಡಿದ್ದಳು. ಅಷ್ಟರಲ್ಲಿ ಬಸ್ ಬಂತು. ಅವನು ಹತ್ತಿ ಕೂತು, ಮುಚ್ಚಿದ ಗಾಜಿನ ಹಿಂದಿನಿಂದ ಉತ್ತರ ಕೊಟ್ಟ. ಮೀಸೆ ಅಲ್ಲಾಡಿತು. ಅವಳು ಓದಿದಳು: ಮರೀತೀನಿ.

ತಮಾಷೆಗಿರಬಹುದೇ ಎಂದು ಹುಬ್ಬನ್ನು ನೆನಪಿಸಿಕೊಂಡಳು. ಹುಬ್ಬು ನಕ್ಕಿರಲಿಲ್ಲ. ಈ ವಯಸ್ಸಿನಲ್ಲಿ ಆಸೆಪಟ್ಟದ್ದೇ ತಪ್ಪು ಎಂದುಕೊಂಡಳು. ಮುಂದಿನ ಕ್ಲಾಸಿನ ದಿನ ಕಾಲುನೋವೆಂದು ಗೋಡೆಗೆ ಮುಖ ಮಾಡಿ ಮಲಗಿದಳು. ಗೋಡೆಗೆ ತುಟಿಯಿಲ್ಲ, ಓದುವ ಕಷ್ಟವಿಲ್ಲ.

ಮರುದಿನ ಶಿಫ್ಟು ಬಿಟ್ಟಾಗ ಮಿಲ್ಲಿನ ಗೇಟಿನ ಹತ್ತಿರ ಯಾರೋ ಕೈ ಎತ್ತಿದರು. ನುಣ್ಣಗೆ ಬೋಳಿಸಿದ ಮುಖ, ಮೇಲ್ತುಟಿ ಮಾತ್ರ ಬೆಳ್ಳಗೆ. ಎಡಗಣ್ಣಿನ ಕೆಳಗಿನ ಚುಕ್ಕೆ ನೋಡಿದ ಮೇಲೇ ಗುರುತು ಸಿಕ್ಕಿದ್ದು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಕೇಳಿದಳು.

"ಮೀಸೆ ಎಲ್ಲಿ?"

"ನಿಮಗೆ ಓದೋಕೆ ಅಡ್ಡ ಬರ್ತಿತ್ತಲ್ಲ, ತೆಗೆಸಿದೆ. ತೋರಿಸೋಣ ಅಂತ ಕ್ಲಾಸಿಗೆ ಹೋದ್ರೆ ನೀವೇ ಇಲ್ಲ."

"ನೀವೇ ಮರೀತೀನಿ ಅಂದ್ರಲ್ಲ."

"ನಾನಾ? ಯಾವಾಗ?"

"ಅವತ್ತು, ಬಸ್ಸಿನ ಗಾಜಿನ ಹಿಂದಿಂದ."

ಅವನು ಅವಳನ್ನೇ ನೋಡುತ್ತ, ದನಿಯಿಲ್ಲದೆ, ಆ ದಿನದ ಮಾತನ್ನು ನಿಧಾನವಾಗಿ ಮತ್ತೆ ಹೇಳಿದ. ಬರ್ತೀನಿ. ಈಗ ಅಡ್ಡ ಏನೂ ಇರಲಿಲ್ಲ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಆಮೇಲೆ ಅವನು ಇನ್ನೇನೋ ಉದ್ದಕ್ಕೆ ಹೇಳಿದ. ಒಳಗಿನ ಮಗ್ಗಗಳ ಸದ್ದಿನಲ್ಲಿ ಅವಳಿಗೆ ಒಂದಕ್ಷರವೂ ಸಿಗಲಿಲ್ಲ. ತಮ್ಮನ ಆ ಮಾತು ಅವನ ಬಾಯಿಂದಲೂ ಬರುವ ಮೊದಲು ತಾನೇ ಅಂದುಬಿಟ್ಟಳು. "ಏನಿಲ್ಲ ಬಿಡಿ. ಇನ್ನೊಂದಿನ ಹೇಳೀರಂತೆ."

"ಬಿಡಲ್ಲ," ಎಂದ.

ಮತ್ತೆ ಮೊದಲಿನಿಂದ ಹೇಳಿದ. "ಕಿವಿ" ಸಿಕ್ಕಿತು, "ನಿಮ್ಮ" ಸಿಕ್ಕಿತು, ಉಳಿದದ್ದು ಜಾರಿಹೋಯಿತು. ಅವನೂ ದಿನವಿಡೀ ಸುತ್ತಿಗೆ ಹಿಡಿದು ಬಂದವನು, ಭುಜ ಜೋತುಬಿದ್ದಿತ್ತು. ಆದರೂ ಬೆಳಕಿಗೆ ಮುಖ ಕೊಟ್ಟು ನಿಂತು ಇನ್ನೊಮ್ಮೆ ಹೇಳಿದ.

"ನನ್ನ ಕಿವಿ ಪೂರ್ತಿ ಹೋಗೋಕೆ ಮುಂಚೆ ನಿಮ್ಮ ಮಾತು ಓದೋದು ಕಲೀಬೇಕು. ಕ್ಲಾಸಲ್ಲಿ ಮುಗಿಯೋ ಪಾಠ ಅಲ್ಲ ಅದು. ಕೊನೇವರೆಗೂ ಕಲಿಯೋಕೆ ಬಿಡ್ತೀರಾ?"

ಈ ಸಲ ಒಂದಕ್ಷರವೂ ತಪ್ಪಲಿಲ್ಲ.

"ಸಿಗ್ಲಿಲ್ಲ," ಎಂದಳು ಅವಳು. "ಇನ್ನೊಂದ್ಸಲ ಹೇಳಿ."

ಅವನು ಅವಳ ಮುಖ ಪೂರ್ತಿ ನೋಡಿದ. ಸುಳ್ಳೆಂದು ಓದಿಕೊಂಡ. ಮತ್ತೆ ಮೊದಲಿನಿಂದ ಶುರುಮಾಡಿದ.