ಒಂಬತ್ತು ಸೂಜಿಗಳ ಕಿಂಡಿ

ಅಂತರ್ದರ್ಶಿಯ ನೀಲಿ ಬೆಳಕು ಹಳೆಯ ಲ್ಯಾಪ್‌ಟಾಪಿನ ಎಡಬದಿಯಿಂದ ಮೆಲ್ಲಗೆ ಸರಿಯುತ್ತ ಹೋಯಿತು. ಎದುರಿನ ತೆರೆಯ ಮೇಲೆ ಒಂದೊಂದೇ ಹೆಸರು ಮೂಡಿತು: ವಿದ್ಯುತ್ ಕಿಂಡಿ, ಜಾಲ ಕಿಂಡಿ, ಎರಡು ಯುಎಸ್‌ಬಿ ಕಿಂಡಿಗಳು. ಹಿಂಬದಿಗೆ ಬಂದಾಗ ಬೆಳಕು ತುಸು ನಿಂತು, ‘ಸರಣಿ ಕಿಂಡಿ, ಒಂಬತ್ತು ಸೂಜಿ, ಸುಸ್ಥಿತಿ’ ಎಂದು ಬರೆಯಿತು.

ಹಾಲಪ್ಪ ಕುರ್ಚಿಗೆ ಒರಗಿಕೊಂಡೇ ಅದನ್ನು ಓದಿದ. ದಾವಣಗೆರೆಯ ಹಳೆ ಯಂತ್ರಗಳ ಕೇಂದ್ರದಲ್ಲಿ ಮೂವತ್ತು ವರ್ಷ ಇವೇ ಕಿಂಡಿಗಳನ್ನು ಹೆಬ್ಬೆರಳಿನಿಂದ ತಡವಿ ಹೆಸರಿಸಿದವನು ಅವನು. ಎರಡು ವರ್ಷದ ಹಿಂದೆ ಅಂತರ್ದರ್ಶಿ ಬಂತು. ಹೊದಿಕೆ ಬಿಚ್ಚದೆಯೇ ಒಳಗಿನದನ್ನೆಲ್ಲ ಕಾಣುವ ಯಂತ್ರ ಅದು. ತನ್ನಲ್ಲಿರುವ ಲಕ್ಷಾಂತರ ನಕ್ಷೆಗಳೊಂದಿಗೆ ತಾಳೆ ನೋಡಿ ಪ್ರತಿ ಬಿಡಿಭಾಗದ ಹೆಸರು ಹೇಳುತ್ತದೆ, ಕೆಟ್ಟದ್ದಕ್ಕೆ ಕೆಂಪು ಗುರುತು ಹಾಕುತ್ತದೆ. ಈಗಿನ ಉಪಕರಣಗಳಿಗೆ ಕಿಂಡಿಗಳೇ ಇಲ್ಲ. ಶಕ್ತಿಯೂ ಮಾಹಿತಿಯೂ ಬೆಳಕಿನಲ್ಲೇ ಹರಿಯುತ್ತವೆ. ಹಾಲಪ್ಪನಿಗೆ ಉಳಿದದ್ದು ಎತ್ತಿ ಇಡುವ ಕೆಲಸ. ಆದರೂ ಮೈಮುರಿದು ದುಡಿಯುತ್ತಿದ್ದ ದಿನಗಳಿಗಿಂತ ಈಗಲೇ ಅವನಿಗೆ ಹೆಚ್ಚು ದಣಿವು.

ಅಂದು ಎದುರಿನ ಬೆಂಚಿನಲ್ಲಿ ಅರವತ್ನಾಲ್ಕರ ತಿಪ್ಪಮ್ಮ ಕೂತಿದ್ದಳು, ಪಕ್ಕದಲ್ಲಿ ಅವಳ ತಂಗಿಯ ಮಗಳು ಲಲಿತೆ. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದ ತಿಪ್ಪಮ್ಮನ ಕಿವಿಯೊಳಗೆ, ಅವಳ ಇಪ್ಪತ್ತೆರಡನೇ ವಯಸ್ಸಿನಲ್ಲೇ ಸಣ್ಣ ತಂತಿಯೊಂದನ್ನು ಕೂರಿಸಿದ್ದರು. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಶಬ್ದಯಂತ್ರ ಸದ್ದನ್ನು ಹಿಡಿದು ಆ ತಂತಿಗೆ ಕಳಿಸುತ್ತಿತ್ತು. ಹನ್ನೊಂದು ತಿಂಗಳ ಹಿಂದೆ ಆ ಶಬ್ದಯಂತ್ರ ತನ್ನ ಹೊಂದಾಣಿಕೆಯನ್ನೆಲ್ಲ ಮರೆತು ಮೂಕವಾಯಿತು. ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದನ್ನು ಮತ್ತೆ ಹೊಂದಿಸುವ ತಂತ್ರಾಂಶ ಉಳಿದದ್ದು ಈ ಒಂದು ಲ್ಯಾಪ್‌ಟಾಪಿನಲ್ಲಿ. ಅದು ಶಬ್ದಯಂತ್ರದೊಡನೆ ಮಾತಾಡುವುದು ಆ ಒಂಬತ್ತು ಸೂಜಿಗಳ ಕಿಂಡಿಯ ಮೂಲಕ ಮಾತ್ರ.

ಬೆಳಕು ಈಗ ಒಳಹೊಕ್ಕಿತು. ನೆನಪಿನ ಪಟ್ಟಿ, ಮಾಹಿತಿ ತಟ್ಟೆ, ಬಿಡಿಭಾಗಗಳನ್ನೆಲ್ಲ ಹೊತ್ತ ತಾಯಿಹಲಗೆ, ಎಲ್ಲವೂ ಸುಸ್ಥಿತಿ. ತಾಯಿಹಲಗೆಯ ಮೂಲೆಯ ಗುಂಡು ಸೆಲ್ಲಿಗೆ ಮಾತ್ರ ಕೆಂಪು ಗುರುತು: ಸತ್ತಿದೆ, ಬದಲಿಸಿ.

ಅಂತರ್ದರ್ಶಿಯ ಉಸ್ತುವಾರಿ ವಿಜ್ಞಾನಿ ಸುಮೇಧಾ ಹೇಳಿದಂತೆ ಹಾಲಪ್ಪ ಹೊಸ ಸೆಲ್ಲು ಹಾಕಿದ. ಅವಳು ಸರಿಯಾದ ತಾರೀಖು ತುಂಬಿದಳು. ತಂತ್ರಾಂಶ ತೆರೆದುಕೊಂಡಿತು, ಒಂದೇ ಸಾಲು ತೋರಿಸಿತು: ಪರವಾನಗಿ ಅವಧಿ ೨೦೨೧ಕ್ಕೆ ಮುಗಿದಿದೆ.

ಸುಮೇಧಾ ಮುಕ್ಕಾಲು ಗಂಟೆ ಒದ್ದಾಡಿದಳು. ಕೊನೆಗೆ, ಬೇಸರವಾಗದಂತೆ ನಿಧಾನಕ್ಕೆ ತುಟಿ ಆಡಿಸುತ್ತ, ಹೊಸ ತಂತಿ ಕೂರಿಸುವ ಶಸ್ತ್ರಚಿಕಿತ್ಸೆಯೇ ದಾರಿ ಎಂದು ತಿಪ್ಪಮ್ಮನಿಗೆ ತಿಳಿಸಿದಳು.

“ತಲೆ ಮೂರು ಸಲ ಕೊಯ್ಸಿಕೊಂಡೀನಿ,” ಎಂದಳು ತಿಪ್ಪಮ್ಮ, ತನ್ನ ದನಿ ತನಗೇ ಕೇಳದವರ ದೊಡ್ಡ ದನಿಯಲ್ಲಿ. “ಇನ್ನ ಸಾಕವ್ವ. ಹಿಂಗೇ ಇದ್ದು ಹೋಗ್ತೀನಿ.”

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಆ ‘ಸಾಕು’ ಹಾಲಪ್ಪನಿಗೆ ಚೆನ್ನಾಗಿ ಗೊತ್ತಿದ್ದ ಮಾತು. ಕೈಸನ್ನೆ ಮಾಡಿ ಅವಳನ್ನು ಕೂರಿಸಿದ. ಲ್ಯಾಪ್‌ಟಾಪನ್ನು ಬೋರಲು ಹಾಕಿ, ನಾಲ್ಕು ತಿರುಪು ಬಿಚ್ಚಿ, ತಾನೇ ಹಾಕಿದ್ದ ಹೊಸ ಸೆಲ್ಲನ್ನು ಉಗುರಿನಿಂದ ಎಬ್ಬಿಸಿ ತೆಗೆದ. ಕೆಟ್ಟದ್ದನ್ನು ಸರಿಪಡಿಸದೆ ಯಂತ್ರ ನಡೆಸುವಂತಿಲ್ಲ ಎಂದು ಸುಮೇಧಾ ತಡೆದಳು.

“ಮೇಡಂ, ಇದರ ಗಡಿಯಾರ ಬದುಕಿರೋದೇ ಈ ಸೆಲ್ಲಿನಿಂದ,” ಎಂದ ಹಾಲಪ್ಪ. “ಸೆಲ್ಲು ಇಲ್ಲ ಅಂದ್ರೆ ಇದಕ್ಕೆ ಇವತ್ತು ಯಾವ ದಿನ ಅನ್ನೋದೇ ಮರೆತು ಹೋಗ್ತೈತೆ. ಹುಟ್ಟಿದ ವರ್ಷಕ್ಕೆ ಹೋಗಿ ಕುಂತ್ಕಂತೈತೆ.”

ಲ್ಯಾಪ್‌ಟಾಪು ಮತ್ತೆ ಎಚ್ಚರಗೊಂಡಾಗ ಮೂಲೆಯಲ್ಲಿ ತಾರೀಖು ಕಾಣಿಸಿತು: ಜನವರಿ ಒಂದು, ೨೦೦೯. ಪರವಾನಗಿಗೆ ಇನ್ನೂ ಹನ್ನೆರಡು ವರ್ಷ ಬಾಕಿ. ತಂತ್ರಾಂಶ ತಕರಾರಿಲ್ಲದೆ ತೆರೆದುಕೊಂಡಿತು. ಸುಮೇಧಾ ಕೆಂಪು ಗುರುತಿನತ್ತ ತಿರುಗಿ ನೋಡಿದಳು.

ಹಾಲಪ್ಪ ಶಬ್ದಯಂತ್ರವನ್ನು ಒಂಬತ್ತು ಸೂಜಿಗಳ ಕಿಂಡಿಗೆ ಜೋಡಿಸಿದ. ಆಮೇಲಿನದು ಕೈಯ ಕೆಲಸ. ಇಪ್ಪತ್ತೆರಡು ಸ್ವರಗಳನ್ನು ಒಂದೊಂದಾಗಿ ತಂತಿಗೆ ಕಳಿಸಬೇಕು, ಕೇಳಿಸಿದಾಗ ತಿಪ್ಪಮ್ಮ ಬೆರಳೆತ್ತಬೇಕು, ಅದರಂತೆ ಮಟ್ಟ ಹೊಂದಿಸಬೇಕು. ಎರಡು ಗಂಟೆ ಹಿಡಿಯಿತು. ಹಾಲಪ್ಪನ ಸೊಂಟ ಹಿಡಿದುಕೊಂಡಿತು. ಕೊನೆಯ ಮಟ್ಟ ಶಬ್ದಯಂತ್ರದಲ್ಲಿ ದಾಖಲಾದ ಮೇಲೆ ಅವನು ಹೊರಗಿನ ಸದ್ದಿಗೆ ದಾರಿ ಬಿಟ್ಟ.

ತಿಪ್ಪಮ್ಮ ಅಲುಗಾಡಲಿಲ್ಲ. ಲಲಿತೆ “ದೊಡ್ಡವ್ವ” ಎಂದಳು. ತಿಪ್ಪಮ್ಮನ ಕಣ್ಣು ತುಂಬಿ, ಅವಳು ಹುಡುಗಿಯ ಗಲ್ಲ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿ ಸುತ್ತ ನೋಡಿದಳು.

“ಏನೋ ಕೀರ್ ಕೀರ್ ಅಂತೈತಲ್ಲ?”

ಹಾಲಪ್ಪ ಕಿವಿಗೊಟ್ಟ. ಕೋಣೆ ನಿಶ್ಶಬ್ದವಾಗಿತ್ತು. ಸ್ವರ ಎಲ್ಲೋ ತಪ್ಪಿರಬೇಕೆಂದು ಅವನು ಮತ್ತೆ ಕೀಲಿಮಣೆಯತ್ತ ಬಾಗಿದ. ಸುಮೇಧಾ ಅವನ ತೋಳು ಹಿಡಿದು ಲ್ಯಾಪ್‌ಟಾಪಿನ ಪಕ್ಕದ ಜಾಲರಿ ತೋರಿಸಿದಳು. ಒಳಗಿನ ಫ್ಯಾನು ಆಗಲೇ ಹತ್ತು ನಿಮಿಷದಿಂದ ಕಿರುಗುಟ್ಟುತ್ತಿತ್ತು. ಸುಮೇಧಾಳಿಗೆ ಕೇಳಿಸುತ್ತಿತ್ತು, ಲಲಿತೆಗೂ ಕೇಳಿಸುತ್ತಿತ್ತು.

ಹಾಲಪ್ಪ ಜಾಲರಿಗೆ ಕಿವಿ ತಾಗಿಸಿದ. ಗಾಳಿಯ ಬಿಸಿ ತಾಕಿತು, ಅಷ್ಟೇ.

ಈಚೆಗೆ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆಂದು ಅವನು ತಿಳಿದಿದ್ದ. ಸಂಜೆಯ ಹೊತ್ತಿಗೆ ತಲೆ ಭಾರವಾಗುವುದಕ್ಕೆ ವಯಸ್ಸನ್ನು ಬೈದಿದ್ದ. ದಿನವಿಡೀ ಅರ್ಧ ಮಾತು ಹಿಡಿದು ಉಳಿದರ್ಧ ಊಹಿಸುವುದೇ ಒಂದು ದುಡಿಮೆ ಎಂದು ಅವನಿಗೆ ಹೊಳೆದಿರಲಿಲ್ಲ.

ತಿಪ್ಪಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ಬೆಂಚಿನಲ್ಲಿ ಜಾಗ ಮಾಡಿ ಅವನನ್ನು ಕೂರಿಸಿಕೊಂಡು, ತುಟಿ ಕಾಣುವಂತೆ ಎದುರಿಗೆ ತಿರುಗಿ, ಬಿಡಿಸಿ ಬಿಡಿಸಿ ಹೇಳಿದಳು:

“ಕಿಟಕಿಗೆ ಬೆನ್ನು ಮಾಡಿ ಕುಂತ್ಕಳ್ರಿ ಯಾವಾಗ್ಲೂ. ಮಾತಾಡೋರ ಮುಖದ ಮ್ಯಾಲೆ ಬೆಳಕು ಬೀಳಬೇಕು. ಮೊದ್ಲು ಅದನ್ನ ಕಲೀರಿ.”