ಗೋಡೆಯಾಚೆಯ ಮೂರು ಬಡಿತ

"ನನಗ ಒಳಗ ಹಾಕಿ ಕೀಲಿ ಹಾಕ್ರಿ!"

ಶಿವಕಾಂತಮ್ಮ ಬೆಚ್ಚಿದಳು. ಚಿತ್ತಾಪುರದಾಚೆಯ ಜಾಗೀರದಾರನ ಆ ಹಳೆ ಕೋಟೆಮನೆ ಗಢಿಯ ಬಂದೀಖಾನೆಗೆ ತಾವಾಗಿ ಬಂದವರನ್ನು ಅವಳು ಕಂಡಿರಲಿಲ್ಲ. ಜಾಗೀರು ಹೋಗಿ, ಕೈದಿಗಳ ಖೋಲಿಗಳು ಖಾಲಿಯಾಗಿ ಮೂರು ವರ್ಷವಾಗಿತ್ತು. ಕಾವಲುಗಾರನಾಗಿದ್ದ ಅಪ್ಪ ತೀರಿದ ಮೇಲೆ ಕೀಲಿ ಅವಳ ಸೊಂಟಕ್ಕೆ ಬಂದಿತ್ತು.

"ಏನ್ ತಪ್ಪು-ಕಸೂರ ಮಾಡೀರಿ?"

"ಇನ್ನಾ ಮಾಡಿಲ್ರಿ," ಎದುರು ನಿಂತಿದ್ದ ಅಮೃತಪ್ಪ ನಕ್ಕ. ಹೈದರಾಬಾದಿನಲ್ಲಿ ಕಲಿಸುವವನು. ಯಾವ ತಪ್ಪಿಗೆ ಎಷ್ಟು ಸೆರೆವಾಸ, ಅದರಿಂದ ಮನುಷ್ಯನಿಗೇನಾಗುತ್ತದೆ ಎಂದು ಪುಸ್ತಕ ಬರೆಯುತ್ತಿದ್ದ. "ಒಂದ್ ತಾಸಾದ್ರೂ ಒಳಗ ಕುಂಡ್ರದ ಹ್ಯಾಂಗ ಬರೀಲ್ರಿ?"

ಹುಚ್ಚ... ಆದರೆ ಕಣ್ಣು ಎಷ್ಟು ತಂಪು! ಅವಳು ಕೀಲಿ ತಿರುಗಿಸಿದಳು.

ಎಂಟು ದಿನ ಹೀಗೇ. ಬೆಳಿಗ್ಗೆ ಅವನು ಜಾಗೀರಿನ ಹಳೆ ಕಾಗದದ ಗಂಟು ಬಿಚ್ಚುತ್ತಿದ್ದ. ಮಧ್ಯಾಹ್ನ ಅವನು ಒಳಗೆ, ಅವಳು ಹೊರಗೆ, ನಡುವೆ ಮಾತು. ಒಂಬತ್ತನೆಯ ದಿನ ಅವನ ದನಿ ಬದಲಾಗಿತ್ತು.

"ಬಾಜೂ ಖೋಲ್ಯಾಗ ಯಾರದಾರ್ರಿ? ಮೂರ್ ಸಲ ಗೋಡಿ ಬಡದ್ರು..."

ಅವಳು ಸೊಂಟದ ಕೀಲಿ ಹಿಡಿದುಕೊಂಡಳು. ಅಪ್ಪ ದಿನವೂ ಕೀಲಿಯಿಂದ ಗೋಡೆಗೆ ಮೂರು ಬಡಿಯುತ್ತಿದ್ದ. ಕೈದಿ ಒಳಗಿನಿಂದ ತಿರುಗಿ ಮೂರು ಬಡಿದರೆ ಅದೇ ಹಾಜರಿ. ಕಾಶಪ್ಪ ಎಂಬ ಕೈದಿ ಶಿಕ್ಷೆಯ ದಿನ ತುಂಬಿದ ಮೇಲೂ ಬಡಿದ. ಬಿಡುವ ಹುಕುಂ ಬರಲಿಲ್ಲ, ಅಪ್ಪ ಬಾಗಿಲು ತೆಗೆಯಲಿಲ್ಲ. ಹತ್ತೊಂಬತ್ತನೆಯ ದಿನ ಕಾಶಪ್ಪ ಸತ್ತ.

ಬಡಿತ ಮಾತ್ರ ಸಾಯಲಿಲ್ಲ.

"ದಿನಾ ನಾನೇ ಜವಾಬ ಕೊಡ್ತೀನ್ರಿ," ಪಿಸುಗುಟ್ಟಿದಳು. "ಅದಕ್ಕ ನಾ ಈ ಗಢಿ ಬಿಟ್ಟು ಎಲ್ಲೀ ಹೋಗಂಗಿಲ್ಲ."

"ನನ್ ಕೂಡನೂ?"

ಅವಳು ಬಾಗಿಲ ಸರಳಿಗೆ ಹತ್ತಿರ ಸರಿದಳು. ಅಷ್ಟರಲ್ಲಿ ಅವನ ಹಾಳೆಯಲ್ಲಿ ಅಪ್ಪನ ಹೆಸರು ಕಂಡಿತು.

"ನಮ್ಮಪ್ಪನ ಪಾಪ ಪುಸ್ತಕಕ್ಕ ಹಾಕ್ಲಿಕ್ಕ ಇಷ್ಟೆಲ್ಲಾ ನಾಟಕೇನ್ರಿ? ನಡೀರಿ ಹೊರಗ!"

ಅವಳು ಬಾಗಿಲು ತೆಗೆದಳು; ಅವನು ಕಾಗದದ ಗಂಟು ಎತ್ತಿಕೊಂಡು ಹೋದ. ಮೂರನೆಯ ದಿನ ಮರಳಿದಾಗ ಕೈಯಲ್ಲಿ ಅರಗಿನ ಮುದ್ರೆ ಒಡೆಯದ ಲಕೋಟೆ.

"ಗಂಟಿನ ತಳದಾಗ ಸಿಕ್ತು. ಮ್ಯಾಲ ಕಾಶಪ್ಪನ ಹೆಸರದ. ನಿಮ್ಮಪ್ಪಗ ಮುಟ್ಟೇ ಇಲ್ರಿ ಇದು."

ಅವಳು ಕಾಶಪ್ಪನ ಖೋಲಿ ತೆಗೆದಳು. ಖಾಲಿ. ಅಮೃತಪ್ಪ ಮುದ್ರೆ ಒಡೆದು, ಉರ್ದುವಿನಲ್ಲಿದ್ದ ಬಿಡುಗಡೆಯ ಹುಕುಂ ಓದಿ, ಕತ್ತಲೆಗೆ ಕನ್ನಡದಲ್ಲಿ ಹೇಳಿದ: "ಕಾಶಪ್ಪಾ, ನಿನ್ನ ದಿನ ತುಂಬ್ಯಾವ. ಹೋಗಪಾ."

ತಣ್ಣನೆಯದೇನೋ ಅವಳ ಸೆರಗು ಸವರಿ ಹೊರಗೆ ಹೋಯಿತು...

ಅವಳು ಗೋಡೆಗೆ ಮೂರು ಬಡಿದಳು. ಉತ್ತರ ಬರಲಿಲ್ಲ.

"ನನ್ನ ಬಿಡೂ ಹುಕುಂ ಎಲ್ಲಿ ಅದ್ರಿ?" ಅವಳು ಅತ್ತಳು.

"ಎಲ್ಲಾ ಕೈದಿ ರಿಜಿಸ್ಟರ ನೋಡೀನಿ, ಶಿವಕಾಂತಾ. ನಿನ್ನ ಹೆಸರ ಎಲ್ಲೀ ಇಲ್ಲ."

ಅವಳು ಕೀಲಿಯನ್ನು ತೆರೆದ ಬಾಗಿಲಲ್ಲೇ ಬಿಟ್ಟಳು.

"ವಾಡಿಯಿಂದ ಹೈದರಾಬಾದ ಗಾಡಿ ಎಷ್ಟ್ ಗಂಟಿಗಿ ಬರ್ತದ್ರಿ?"