ಮೊಳಕೈ ಎತ್ತರದ ಪ್ರೀತಿ

"ನಿಲ್ಲಿಸ್ರಿ! ಅದನ್ನ ಕೊಯ್ಬ್ಯಾಡ್ರಿ!"

ಹುಮನಾಬಾದಿನ ಗುಜರಿ ಅಂಗಡಿಯಲ್ಲಿ ಗ್ಯಾಸ್ ಕಟರ್ ಹಿಡಿದಿದ್ದ ಯುವಕ ಬೆಚ್ಚಿ ತಲೆಯೆತ್ತಿದ. ತುಕ್ಕು ಹಿಡಿದ, ಕಟ್ಟಿಗೆ ಕಡೆಯುವ ಹಳೇ ಲೇತ್ ಮಷೀನಿಗೆ ಅಡ್ಡವಾಗಿ ಒಬ್ಬ ಹುಡುಗಿ ಎರಡೂ ಕೈ ಚಾಚಿ ನಿಂತಿದ್ದಳು. ಅವನ ಎದೆಮಟ್ಟಕ್ಕಷ್ಟೇ ಬರುತ್ತಿದ್ದಳು. ಕಣ್ಣಲ್ಲಿ ಮಾತ್ರ ಬೆಂಕಿ!

"ಸರೀರಿ, ಸುಟ್ಕೋತೀರಿ! ಇದು ಸತ್ತ ಮಷೀನು."

"ಸತ್ತದ ಅಂತ ಯಾರ್ ಹೇಳ್ಯಾರ? ತಿರುಗಿಸಿ ನೋಡೀರೇನು?"

ಅವನು ನೋಡಿರಲಿಲ್ಲ. ನಗು ತಡೆಯಲಾಗದೆ ಕಟರ್ ಆರಿಸಿದ.

ಅವಳು ಪೂನಂ, ಮೋರಖಂಡಿಯ ರೈತ ಗುಂಡಪ್ಪನ ಮಗಳು. ಬಸವಕಲ್ಯಾಣದ ಫರ್ನಿಚರ್ ಅಂಗಡಿಯೊಂದರಲ್ಲಿ ಮೂರು ವರ್ಷ ಮಂಚದ ಕಾಲು ಕಡೆದವಳು. ಮನೆಯ ಹಿಂದಿನ ಖಾಲಿ ಕೊಟ್ಟಿಗೆಯಲ್ಲಿ ತನ್ನದೇ ಲೇತ್ ಹಾಕಿ ಲಟ್ಟಣಿಗೆ, ಕಡಗೋಲು, ತೊಟ್ಟಿಲ ಕಂಬ ಕಡೆಯಬೇಕೆಂಬುದು ಅವಳ ಆಸೆ.

ಅಂಗಡಿಯ ಮಾಲೀಕ ಒವೈಸ್ ಗುಜರಿ ದರಕ್ಕೇ ಮಷೀನು ಕೊಟ್ಟ. ಕಟರ್ ಹಿಡಿದಿದ್ದ ಧನರಾಜ ಅದನ್ನು ಟೆಂಪೋಗೆ ಏರಿಸುತ್ತಾ ಮೆಲ್ಲಗೆ ಹೇಳಿದ.

"ನಾ ಫಿಟರ್ ಕೆಲಸ ಕಲ್ತೀನ್ರಿ. ಐತವಾರ ನಂಗ ಸೂಟಿ. ಬಂದು ನೋಡ್ಲೇನು?"

ಹಾಗೆ ಶುರುವಾದವು ಅವರ ಭಾನುವಾರಗಳು...

ಜಾಮ್ ಆಗಿದ್ದ ಬೇರಿಂಗಿಗೆ ಸೀಮೆಎಣ್ಣೆ ಕುಡಿಸಿದರು. ಒಂದು ಕಡೆಯಿಂದ ಅವನು, ಇನ್ನೊಂದು ಕಡೆಯಿಂದ ಅವಳು ತುಕ್ಕು ಉಜ್ಜಿದರು. ಮೂರನೇ ಭಾನುವಾರ ಗಾಲಿ 'ಕಿರ್' ಎಂದು ಅರ್ಧ ಸುತ್ತು ತಿರುಗಿದಾಗ ಇಬ್ಬರೂ ಮಕ್ಕಳಂತೆ ಕೂಗಿದರು! ತಾಯಿ ಶೇವಂತಾಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

'ಈ ಐತವಾರ ಇಷ್ಟು ತಡಾ ಮಾಡಿ ಯಾಕ ಬರ್ತದೋ...' ಪೂನಂ ಪ್ರತಿ ಬುಧವಾರ ತನ್ನಲ್ಲೇ ಅಂದುಕೊಳ್ಳುತ್ತಿದ್ದಳು.

ಏಳನೇ ಭಾನುವಾರ ಬಸವಕಲ್ಯಾಣದಿಂದ ಹೊಸ ಬೆಲ್ಟು ತಂದು ಕೊಟ್ಟಿಗೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಧನರಾಜ ಮಷೀನಿನ ಕಬ್ಬಿಣದ ಸ್ಟ್ಯಾಂಡನ್ನು ನಾಲ್ಕು ಬೆರಳಿನಷ್ಟು ಕೊಯ್ದು ಗಿಡ್ಡ ಮಾಡಿದ್ದ!

ಅವಳ ಎದೆಯಲ್ಲಿ ಏನೋ ಚುಚ್ಚಿತು. ನೋಡಲು ಬಂದಿದ್ದ ಇಬ್ಬರು ವರರ ಕಡೆಯವರು 'ಹುಡುಗಿ ಗಿಡ್ಡ' ಎಂದು ಎದ್ದು ಹೋಗಿದ್ದರು. ಒಬ್ಬ ವರನ ತಾಯಿಯಂತೂ ಎಲ್ಲರೆದುರು ಅವಳನ್ನು ಬಾಗಿಲಿಗೆ ಒರಗಿಸಿ ಎತ್ತರ ನೋಡಿದ್ದಳು.

'ಇವರೂ ಅದನ್ನೇ ನೋಡಿದ್ರಾ...?'

"ನನ್ನ ನೋಡಿ ಕನಿಕರ ಬಂತೇನ್ರಿ?" ಅವಳ ಕಣ್ಣಲ್ಲಿ ನೀರಾಡಿತು. "ಯಾರ್ನ ಕೇಳಿ ಕೊಯ್ದ್ರಿ?"

"ಕೇಳದೆ ಕೊಯ್ದಿದ್ದು ತಪ್ಪಾತ್ರಿ. ಆದ್ರ..."

"ಸಾಕು! ಹೋಗ್ರಿ!"

ಅವನು ಪಾನೆ, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ...

"ಮಷೀನಿನ ಮ್ಯಾಲ ಯಾಕ ಸಿಟ್ಟವ್ವ? ಒಮ್ಮೆ ಅದರ ಮುಂದ ನಿಂತಾದ್ರೂ ನೋಡು," ಎಂದಳು ಶೇವಂತಾಬಾಯಿ.

ತಾಯಿಯ ಒತ್ತಾಯಕ್ಕೆ ಪೂನಂ ಹೊಸ ಬೆಲ್ಟು ಹಾಕಿ, ಬೇವಿನ ತುಂಡು ಸಿಕ್ಕಿಸಿ ಸ್ವಿಚ್ ಒತ್ತಿದಳು. ಉಳಿ ತಾಗಿದ್ದೇ ತಡ, ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿತು. ಒಂದು ಲಟ್ಟಣಿಗೆ ಆಯಿತು. ಎರಡಾಯಿತು. ಮೂರನೆಯದು ಮುಗಿದಾಗ ಅವಳಿಗೆ ಥಟ್ಟನೆ ಹೊಳೆಯಿತು. ಭುಜ ನೋಯುತ್ತಿಲ್ಲ! ಅಂಗಡಿಯಲ್ಲಿ ಮೂರು ವರ್ಷ ಭುಜ ಎತ್ತಿ ಎತ್ತಿ, ಸಂಜೆಗೆ ಕೈ ಬಾಚಣಿಗೆ ಹಿಡಿಯಲೂ ಒಪ್ಪುತ್ತಿರಲಿಲ್ಲ.

ಮೊಳಕೈ ಮಡಚಿ ಮಷೀನಿನ ಪಕ್ಕ ನಿಂತಳು. ತಿರುಗುವ ಕಟ್ಟಿಗೆಯ ನಡುಮಟ್ಟ, ಅವಳ ಮೊಳಕೈ... ಎರಡೂ ಒಂದೇ ಗೆರೆಯಲ್ಲಿ!

ಕಣ್ಣು ತುಂಬಿ ಬಂತು. ಮರುದಿನ ಬೆಳಗಿನ ಬಸ್ಸಿಗೇ ಹುಮನಾಬಾದಿಗೆ ಹೊರಟಳು.

ಗುಜರಿ ಅಂಗಳದಲ್ಲಿ ಕಬ್ಬಿಣ ಬೇರ್ಪಡಿಸುತ್ತಿದ್ದ ಧನರಾಜ ಅವಳನ್ನು ಕಂಡು ಎದ್ದು ನಿಂತ.

"ಆವತ್ತೇ ಯಾಕ ಹೇಳಲಿಲ್ರಿ?"

"ನಿಮ್ಮ ಕಣ್ಣಾಗ ನೀರು ನೋಡ್ದೆ. ಮುಂದ ಮಾತೇ ಬರಲಿಲ್ಲ." ಅವನು ತಲೆ ತಗ್ಗಿಸಿದ. "ಲೇತ್ ಕೆಲಸ ಮಾಡೋರ ಮೊಳಕೈ ಮಟ್ಟಕ್ಕ ಇರಬೇಕ್ರಿ. ಯಾರಿಗೇ ಆಗ್ಲಿ, ಅದೇ ಲೆಕ್ಕ. ನೀವು ಗಿಡ್ಡ ಇಲ್ರಿ ಪೂನಂ... ಮಷೀನು ಎತ್ತರ ಇತ್ತು."

ತುಂಬಿದ ಕಣ್ಣಲ್ಲೇ ಅವಳು ಮೊಳಕೈ ಮಡಚಿ ತೋರಿಸಿದಳು.

"ಮತ್ತ... ನನ್ನ ಮೊಳಕೈ ಅಳತಿ ನಿಮಗ ಹ್ಯಾಂಗ ಸಿಕ್ತು? ಪಟ್ಟಿ ಹಚ್ಚಿಲ್ಲ, ಕೇಳಿಲ್ಲ!"

ಧನರಾಜನ ಕಿವಿ ಕೆಂಪಾದವು.

"ಆರು ಐತವಾರ... ಬರೇ ಮಷೀನು ನೋಡ್ಲಾಕ ಬಂದಿದ್ದೆ ಅಂದ್ಕೊಂಡೀರೇನು?"

ಪೂನಂ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೇಳಿದಳು.

"ಮುಂದಿನ ಐತವಾರ ಬರ್ತೀರಾ?"

"ಮಷೀನಿನ ಕೆಲಸ ಮುಗೀತಲ್ರಿ."

"ಅಪ್ಪನ ಮುಂದ ಮಾತಾಡೋ ಕೆಲಸ ಉಳಿದದಲ್ಲ!"

ಅವನ ಮುಖವೆಲ್ಲ ನಗುವಾಯಿತು.

"ಹಂಗಿದ್ರ ಐತವಾರ ತನಕಾ ಯಾಕ ಕಾಯ್ಬೇಕ್ರಿ? ನಿಮ್ಮ ಬಸ್ಸಿಗೇ ಬರ್ತೀನಿ!"

"ಮೊದ್ಲ ಮುಖ ತೊಳ್ಕೋರಿ," ಅವಳು ಕಣ್ಣೊರೆಸಿಕೊಂಡು ನಕ್ಕಳು. "ಗಲ್ಲದ ಮ್ಯಾಲೆಲ್ಲ ಮಸಿ ಅದ."

"ಎಲ್ಲಿ?"

"ಇಲ್ಲಿ..." ಎನ್ನುತ್ತಾ ಪೂನಂ ತುದಿಗಾಲ ಮೇಲೆ ನಿಂತು, ಸೆರಗಿನಿಂದ ತಾನೇ ಒರೆಸಿದಳು.